ನೀರಿಗೂ ಹರಳೆಣ್ಣೆಗೂ ಮದುವೆ

ಒಂದಾನೊಂದು ಊರಿನಲ್ಲಿ, ಊರೆಂದರೆ ಅಂಥಾ ಊರೇನಲ್ಲ, ಒಂದು ಅರಮನೆ, ಸುತ್ತ ಒಂದಿಷ್ಟು ಮನೆ, ಅಲ್ಲಿ ಸಂಕಮ್ಮ ಎಂಬ ಪಂಡಿತೆ ಇದ್ದಳು. ಯಾವ ದ್ರವ ಎಷ್ಟು ಬೇಗ ಹರಿಯುತ್ತದೆ ಎಂದು ಸಣ್ಣ ಗಾಜಿನ ಕೊಳವೆಯಲ್ಲಿ ಬಿಟ್ಟು ನೋಡುವುದೇ ಅವಳ ಕೆಲಸ. ತನ್ನ ಪಾಡಿಗೆ ತಾನು ಹಾಯಾಗಿದ್ದಳು. ದೊರೆ ಜಿಗುಟರಾಯ ಇರಗೊಡಬೇಕಲ್ಲ!

ಒಂದು ದಿನ ದೊರೆ ಸ್ನಾನಕ್ಕೆ ಕೂತ. "ನೀರನ್ನೂ ಎಣ್ಣೆಯನ್ನೂ ಒಟ್ಟಿಗೇ ಸುರೀರಿ" ಅಂದ. ಸುರಿದರು. ನೀರು ದಬದಬ ಬಂತು. ಹರಳೆಣ್ಣೆ ಗಿಂಡಿಯ ಬಾಯಲ್ಲೇ ನಿಂತು ಯೋಚಿಸಿತು.

"ನನ್ನ ರಾಜ್ಯದಲ್ಲಿ ಒಬ್ಬೊಬ್ಬರದು ಒಂದೊಂದು ನಡಿಗೆಯೋ? ಎಲ್ಲವೂ ಒಂದೇ ಸಮ ಹರಿಯಬೇಕು, ಅದನ್ನು ಸಂಕಮ್ಮ ಮಾಡಿ ತೋರಿಸಲಿ. ಅಲ್ಲೀವರೆಗೂ ಸಂಕಮ್ಮನ ಕೊಳವೆ ಬಿಟ್ಟು ಇನ್ನೆಲ್ಲೂ ಯಾರೂ ಏನನ್ನೂ ಸುರಿಯಕೂಡದು!"

ಮುಗಿಯಿತು. ಊರಲ್ಲಿ ಸಾರಿಲ್ಲ, ಮಜ್ಜಿಗೆ ಇಲ್ಲ. ಜನ ಒಣ ಅನ್ನ ನುಂಗಿ ಬಿಕ್ಕಳಿಸುತ್ತ ಬಂದು ನಿಂತದ್ದು ದೊರೆಯ ಬಾಗಿಲಿಗಲ್ಲ, ಸಂಕಮ್ಮನ ಬಾಗಿಲಿಗೆ. ಗಂಡ ಈರಭದ್ರನೂ ಒಳಗಿನಿಂದಲೇ ಶುರು ಮಾಡಿದ: "ಏನಾದ್ರೂ, ಇಕ್, ಮಾಡೇ!"

"ಮಾಡ್ತೀನಿ, ಎಲ್ರೂ ನನ್ನ ತಲೆ ಮೇಲೇ ಕೂತ್ಕೊಳ್ಳಿ" ಎಂದು ಗೊಣಗುತ್ತ ಸಂಕಮ್ಮ ಹರಳೆಣ್ಣೆಯನ್ನು ಕೊಳವೆಗೆ ಬಿಟ್ಟಳು. ಅದು ಕದಲಲಿಲ್ಲ.

"ಯಾಕವ್ವ ನಿಂತೆ?"

"ನಮ್ಮದು ದೊಡ್ಡ ಕುಟುಂಬ ತಾಯಿ. ಪ್ರತಿಯೊಬ್ಬರೂ ಪ್ರತಿಯೊಬ್ಬರಿಗೂ ಹೋಗಿಬರ್ತೀನಿ ಅಂತ ಹೇಳಿಯೇ ಹೊರಡಬೇಕು."

ನೀರನ್ನು ಬಿಟ್ಟಳು. ಕೇಳುವಷ್ಟರಲ್ಲಿ ಕೆಳಗಿತ್ತು. "ನಮಗೆ ಅಷ್ಟು ಬಳಗ ಇಲ್ಲ" ಅಂದಿತು. ಸಾರಾಯಿ ಸೀಸೆಯ ಬಿರಡೆ ತೆಗೆದಳು. ಸೀಸೆ ಖಾಲಿ. "ನಾನಾಗಲೇ ಹೋಗಿಯಾಯ್ತು!" ಎಂದು ಮೇಲೆ ತೊಲೆಯ ಹತ್ತಿರದಿಂದ ಆವಿಯಾದ ಸಾರಾಯಿಯ ಕೂಗು ಕೇಳಿತು.

ಸಂಕಮ್ಮ ಹಣೆ ಚಚ್ಚಿಕೊಂಡು ದೊರೆಗೆ ಎಲ್ಲ ವಿವರಿಸಿದಳು.

"ಇಷ್ಟೇನಾ? ನೀರಿಗೆ ಬಳಗ ಬೇಕು. ಹರಳೆಣ್ಣೆ ಜೊತೆ ಮದುವೆ ಮಾಡಿಸು" ಅಂದ ದೊರೆ.

"ಅವೆರಡೂ ಕೂಡೋದಿಲ್ಲ ಮಹಾಸ್ವಾಮಿ."

"ಮದುವೆಗೆ ಮುಂಚೆ ಯಾರು ಕೂಡ್ತಾರೆ?"

ಸಂಕಮ್ಮನ ಮನೆ ಮುಂದೆ ಚಪ್ಪರ ಹಾಕಿಸಿ, ಓಲಗ ಊದಿಸಿ, ಒಳಗೆ ದೊರೆಗೊಂದು ಮಣೆ ಹಾಕಿ, ಎರಡನ್ನೂ ಒಂದೇ ಕೊಪ್ಪರಿಗೆಗೆ ಹಾಕಿದ್ದಾಯಿತು. ಹರಳೆಣ್ಣೆ ಮೇಲೆ ಹತ್ತಿ ಕೂತು ಮುಖ ತಿರುಗಿಸಿತು. ಸಂಕಮ್ಮ ಕಲಕಿದಳು. ಕೈ ನಿಲ್ಲಿಸಿದೊಡನೆ ಹರಳೆಣ್ಣೆ ಮತ್ತೆ ಮೇಲೆ. ಮತ್ತೆ ಕಲಕಿದಳು. ಮತ್ತೆ ಮೇಲೆ. ಹೊರಗೆ ಊರಿಗೆ ಊರೇ ಬಿಕ್ಕಳಿಸುತ್ತಿತ್ತು. ಸಂಕಮ್ಮನಿಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಬಂದವು.

"ಇನ್ನು ನಿಮ್ಮ ನಡುವೆ ಮಾತಾಡೋಕೆ ಒಬ್ಬರು ಬೇಕು" ಎಂದು ಒಂದು ಮೂಟೆ ಸೀಗೆಪುಡಿ ಸುರಿದಳು.

ಸೀಗೆ ಇವರ ಕೈ ಹಿಡಿಯಿತು, ಅವರ ಕೈ ಹಿಡಿಯಿತು, ಇಬ್ಬರ ಕಿವಿಯಲ್ಲೂ ಏನೋ ಊದಿತು. ನೀರು ಎಣ್ಣೆ ಒಂದಾದವು. ಕೊಪ್ಪರಿಗೆ ತುಂಬ ನೊರೆಯೋ ನೊರೆ. ಬಗ್ಗಿಸಿದರೆ ನೀರೂ ಹರಿಯಲಿಲ್ಲ, ಎಣ್ಣೆಯೂ ಹರಿಯಲಿಲ್ಲ.

"ಎರಡೂ ಒಂದೇ ಸಮ! ಇನ್ನು ಸುರಿಯಿರಿ!" ಎಂದು ದೊರೆ ಮಣೆಯ ಮೇಲೆಯೇ ಕುಣಿದ. ಊರವರು ಓಡಿಹೋಗಿ ಸಾರು ಸುರಿದುಕೊಂಡರು, ಬಿಕ್ಕಳಿಕೆ ನಿಂತಿತು.

ನೊರೆ ಮಾತ್ರ ನಿಲ್ಲಲಿಲ್ಲ. ಉಕ್ಕಿತು, ದೊರೆಯನ್ನು ಮಣೆಯ ಸಮೇತ ಎತ್ತಿತು, ಹೆಂಚು ಒಡೆದು ಆಚೆ ಒಯ್ದಿತು.

"ಸಂಕಮ್ಮಾ, ಎಲ್ಲ ಕೆಳಗೆ ಹರಿದರೆ ನೊರೆ ಯಾಕೆ ಮೇಲೆ ಹೋಗುತ್ತೆ? ಕಂಡುಹಿಡಿ! ಅಲ್ಲೀವರೆಗೂ ಯಾರೂ..."

ಪ್ರತಿ ಅಕ್ಷರವೂ ಸಂಕಮ್ಮನ ಕಿವಿಗೆ ಸ್ಪಷ್ಟವಾಗಿ ಬಿತ್ತು.

"ಏನೂ ಕೇಳಿಸ್ತಿಲ್ಲ ಮಹಾಸ್ವಾಮಿ!" ಎಂದು ಕೂಗಿ ಅವಳು ಬಾಗಿಲು ಹಾಕಿಕೊಂಡಳು.

ಆದ್ದರಿಂದ ಮಕ್ಕಳೇ, ಮದುವೆಗೆ ಸೀಗೆಯನ್ನು ಕರೆಯುವವರು ಮೊದಲೇ ಹೆಂಚು ತೆಗೆಸಿಡಬೇಕು. ದೊರೆ ಅಲ್ಲಿ ಮೇಲೆ, ನಾವು ಇಲ್ಲಿ ಕೆಳಗೆ, ಕತೆ ಎಲ್ಲೋ ನಡುವೆ.