ಉಪ್ಪಿಲ್ಲದ ಮೂರು ದಿನ

ಹೊಳೆದಂಡೆಯ ಮಠದಲ್ಲಿ ಒಬ್ಬ ಗುರುಗಳಿದ್ದರು. ಹೆಸರು ಮೌನಪ್ಪಜ್ಜ, ಮಾತು ಮಾತ್ರ ಧಾರಾಳ.

ಅವರ ಶಿಷ್ಯ ಈರಭದ್ರ ಸಂಸಾರಸ್ಥ; ಹೆಂಡತಿ ಗಂಗವ್ವ. ದಿನಾ ಬೆಳಿಗ್ಗೆ ಬಂದು ಅಂಗಳ ಗುಡಿಸಿ, ಒಂದು ಪ್ರಶ್ನೆ ಕೇಳಿ ಮನೆಗೆ ಹೋಗುತ್ತಿದ್ದ.

ಒಮ್ಮೆ ಸಂತೆಗೆ ಹೊರಟ ಹರಿಗೋಲು ಮಗುಚಿ ಊರಿನ ಐವರು ತೀರಿಕೊಂಡರು. ಮೂರು ದಿನ ಈರಭದ್ರ ಮಠದ ಕಡೆ ಸುಳಿಯಲಿಲ್ಲ. ನಾಲ್ಕನೆಯ ದಿನ ಬಂದವನು ಪೊರಕೆ ಮುಟ್ಟದೆ ಕೂತುಬಿಟ್ಟ.

“ಅಜ್ಜಾರ, ನನಗ ಜ್ಞಾನ ಬಂತ್ರಿ.”

“ಹೌದಾ? ಯಾವಾಗ?”

“ಸೋಮವಾರ.”

“ಊಟಕ್ಕ ಮೊದಲೋ, ಆಮ್ಯಾಲೋ?”

ಈರಭದ್ರ ನಗಲಿಲ್ಲ. “ಪಲ್ಯಾಕ ಉಪ್ಪು ಕಮ್ಮಿ ಆಗೇತಿ ಅಂತ ಹೆಂಡತಿ ಜೋಡಿ ಜಗಳಾಡಾಕತ್ತಿದ್ದೆ. ಆಗ ಸುದ್ದಿ ಬಂತು. ಐದು ಜೀವ ಹೋಗ್ಯಾವ, ನಾ ಉಪ್ಪಿಗೆ ಬಡಿದಾಡಾಕತ್ತೀನಿ! ಭಾಳ ನಾಚಿಕಿ ಆತ್ರಿ. ಅವತ್ತಿನಿಂದ ಮನ್ಯಾಗ ಸಣ್ಣ ಮಾತು ಆಡೂದು ಬಿಟ್ಟೀನಿ. ಏನು ಹಾಕಿದ್ರೂ ಸುಮ್ಮನ ಉಣ್ತೀನಿ.”

“ಗಂಗವ್ವ ಏನಂತಾಳ?”

“ತವರಮನಿಗೆ ಹೊಂಟಾಳ್ರಿ.”

ಅಜ್ಜಾರಿಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಕಣ್ಣೊರೆಸಿಕೊಂಡು ಎದ್ದರು.

“ನಡಿ. ಇವತ್ತು ನನ್ನ ಊಟ ನಿಮ್ಮನ್ಯಾಗ.”

ಮನೆಯ ಕಟ್ಟೆಯ ಮೇಲೆ ನಿಜವಾಗಿಯೂ ಒಂದು ಬಟ್ಟೆಗಂಟು ಇತ್ತು. ಅದರ ಪಕ್ಕ ಈರಭದ್ರನ ಮಗಳು ಪಾರಿ ಮುಷ್ಟಿ ಬಿಗಿದು ಕೂತಿದ್ದಳು. ಆರು ವರ್ಷದ ಹುಡುಗಿ.

“ಕೈಯಾಗ ಏನೈತವ್ವಾ?” ಎಂದರು ಅಜ್ಜಾರು.

ಪಾರಿ ಮುಷ್ಟಿ ಬಿಚ್ಚಿದಳು. ಅಕ್ಕಿಕಾಳಿನಷ್ಟು ಹಲ್ಲು.

“ಮೊನ್ನೆ ಬಿತ್ತು. ಸೆಗಣ್ಯಾಗ ಇಟ್ಟು ಮಾಳಿಗಿ ಮ್ಯಾಲ ಒಗಿಬೇಕು. ಅಪ್ಪ ಒಗಿವಲ್ಲ.”

“ಯಾಕಂತ?”

“ಮಂದಿ ಸತ್ತಾರ, ಹಲ್ಲಿಂದೇನು ಅಂತಾನ. ಒಗೀಲಿಲ್ಲಂದ್ರ ನನಗ ಹೊಸಾ ಹಲ್ಲು ಬರೂದೇ ಇಲ್ಲ.” ಅವಳ ಗಲ್ಲ ನಡುಗಿತು.

ಅಜ್ಜಾರು ಈರಭದ್ರನ ಕಡೆ ತಿರುಗಿದರು. “ಎದುರುಮನಿ ಸೋಮವ್ವನ್ನ ಮಾತಾಡ್ಸಿ ಬಂದ್ಯಾ?”

ಐವರಲ್ಲಿ ಒಬ್ಬ ಸೋಮವ್ವನ ಗಂಡ ಕಲ್ಲಪ್ಪ.

“ಇಲ್ರಿ. ಅಷ್ಟು ದೊಡ್ಡ ದುಃಖದ ಮುಂದ ಆಡುವಂಥ ಮಾತು ನನಗ ಸಿಗವಲ್ದು.”

“ನೀ ಏನೂ ಆಡಬ್ಯಾಡ. ಹುಡುಗೀನ ಕರಕೊಂಡು ಬಾ.”

ಸೋಮವ್ವ ಗೋಡೆಗೆ ಒರಗಿ ಕೂತಿದ್ದಳು. ಮೂರು ದಿನದಿಂದ ಬಂದವರೆಲ್ಲ ಅವಳಿಗೆ ದೊಡ್ಡ ದೊಡ್ಡ ಮಾತು ಹೇಳಿ ಹೋಗಿದ್ದರು. ಅವಳು ಯಾವುದಕ್ಕೂ ತಲೆ ಎತ್ತಿರಲಿಲ್ಲ.

ಪಾರಿ ಹತ್ತಿರ ಹೋಗಿ ಬಾಯಿ ಅಗಲಿಸಿ ತೋರಿಸಿದಳು.

ಸೋಮವ್ವ ನೋಡಿದಳು. “ಅಯ್ಯ, ಅಳ್ಳಾಡಾಕತ್ತಿದ್ದು ಬಿದ್ದೇ ಬಿಟ್ತಾ? ಎಲ್ಲಿ ಒಗದ್ರಿ?”

ಪಾರಿ ಮತ್ತೆ ಮುಷ್ಟಿ ಬಿಚ್ಚಿದಳು.

“ಇನ್ನೂ ಒಗದಿಲ್ಲಾ? ಈರಭದ್ರಾ, ನಿನಗ ಬುದ್ಧಿ ಐತೇನೋ?” ಅವಳ ದನಿ ಏರಿತು. “ನಮ್ಮ ಮಗಳ ಹಲ್ಲು ಒಗಿಯುವಾಗ ನಮ್ಮನಿಯವ್ರು ಎರಡು ಸಲ ಗುರಿ ತಪ್ಪಿದ್ರು. ಎರಡನೇ ಸಲ ಹೋಗಿ ನಾ ಕಡದಿಟ್ಟ ಮಜ್ಜಿಗ್ಯಾಗ ಬಿತ್ತು! ಸೆಗಣಿ, ಹಲ್ಲು, ಎಲ್ಲಾ!”

ಹೇಳುತ್ತಾ ಹೇಳುತ್ತಾ ಅವಳಿಗೆ ನಗು ಬಂತು. ನಗುವಿನ ಜೊತೆಗೇ ಅಳುವೂ ಬಂತು.

“ದಿನಪೂರ್ತಿ ಬೈದಿದ್ದೆ ಅಜ್ಜಾರ. ಅವ್ರು ಕೂತು ನಗತಿದ್ರು. ಇನ್ನ ಯಾರನ್ನ ಬೈಲಿ?”

ಪಾರಿ ತನ್ನ ಲಂಗದ ತುದಿಯಿಂದ ಸೋಮವ್ವನ ಕಣ್ಣು ಒರೆಸಿದಳು.

ಸೋಮವ್ವ ಎದ್ದಳು. ಕೊಟ್ಟಿಗೆಗೆ ಹೋಗಿ ಸೆಗಣಿ ತಂದು, ನಡುವೆ ಹಲ್ಲಿಟ್ಟು ಉಂಡೆ ಮಾಡಿ ಈರಭದ್ರನ ಕೈಗೆ ಕೊಟ್ಟಳು.

“ಒಗಿ. ನೆಟ್ಟಗ ಒಗಿ.”

ಎಲ್ಲರೂ ಬೀದಿಗೆ ಬಂದರು. ಗಂಗವ್ವನೂ ಬಾಗಿಲಿಗೆ ಬಂದಳು. ಈರಭದ್ರ ತನ್ನ ಮಾಳಿಗೆಯತ್ತ ಬೀಸಿದ. ಉಂಡೆ ಗೋಡೆಗೆ ಬಡಿದು ವಾಪಸು ಬಂದು ಅಜ್ಜಾರ ಹೆಗಲ ಮೇಲೆ ಕೂತಿತು.

ಪಾರಿ ಕೇಕೆ ಹಾಕಿದಳು. ಗಂಗವ್ವ ಸೆರಗು ಬಾಯಿಗೊತ್ತಿಕೊಂಡಳು. ಸೋಮವ್ವ ಹೊಟ್ಟೆ ಹಿಡಿದುಕೊಂಡು ತನ್ನ ಹೊಸ್ತಿಲ ಮೇಲೇ ಕೂತುಬಿಟ್ಟಳು.

“ನಾ ಮಜ್ಜಿಗಿಗಿಂತ ಚಲೋ ಅದೀನಿ,” ಎಂದು ಅಜ್ಜಾರು ಉಂಡೆ ತೆಗೆದು ಮತ್ತೆ ಕೊಟ್ಟರು. ಈ ಸಲ ಅದು ಮಾಳಿಗೆ ಸೇರಿತು.

ಊಟಕ್ಕೆ ಕೂತರು. ಅಜ್ಜಾರು ಒಂದು ತುತ್ತು ಬಾಯಿಗಿಟ್ಟು ಈರಭದ್ರನ ಮುಖ ನೋಡಿದರು. ಗಂಗವ್ವನೂ ಅವನನ್ನೇ ನೋಡುತ್ತಿದ್ದಳು.

“ಪಲ್ಯಾಕ ಉಪ್ಪೇ ಇಲ್ಲಲ್ಲ!” ಎಂದ ಈರಭದ್ರ.

“ಅಂತೂ ಬಾಯಿ ಬಿಟ್ರಲ್ಲ!” ಗಂಗವ್ವನ ಮುಖ ಅರಳಿತು. “ಮೂರು ದಿನ ಬೇಕಂತಲೇ ಹಾಕಿಲ್ರಿ ಅಜ್ಜಾರ. ಒಂದು ಮಾತು ಆಡ್ಲಿ ಅಂತ ಕಾಯ್ತಿದ್ದೆ.” ಉಪ್ಪಿನ ಬಟ್ಟಲನ್ನು ಕುಕ್ಕಿ ಇಟ್ಟಳು. ಆಮೇಲೆ ಬಾಗಿಲಿಗೆ ಹೋಗಿ, ಕಟ್ಟೆಯ ಮೇಲಿದ್ದ ಬಟ್ಟೆಗಂಟನ್ನು ಕಾಲಿನಿಂದಲೇ ಒಳಗೆ ತಳ್ಳಿದಳು.

ಈರಭದ್ರ ಉಪ್ಪು ಕಲಸಿಕೊಂಡು ಎರಡು ತುತ್ತು ಉಂಡ. ಆಮೇಲೆ ಮೆಲ್ಲಗೆ ಕೇಳಿದ.

“ಹಂಗಾರ ಇಂಥಾ ಸುದ್ದಿ ಕೇಳಿದ ಮ್ಯಾಲ ನಾ ಏನು ಮಾಡ್ಬೇಕ್ರಿ?”

ಅಜ್ಜಾರು ಉಪ್ಪಿನ ಬಟ್ಟಲನ್ನು ತಮ್ಮ ಕಡೆ ಎಳೆದುಕೊಂಡರು.

“ಸೋಮವ್ವಗ ಒಂದು ತಾಟು ಒಯ್ದು ಕೊಡು. ಉಪ್ಪು ಹಾಕಬ್ಯಾಡ. ಅಕಿ ಬೈಯೂತನಕ ಅಲ್ಲೇ ನಿಂದ್ರು.”