ಕೊನೇ ಗರಿಯ ಕುಂಕುಮ

ಒಂದಾನೊಂದು ಕಾಲದಲ್ಲಿ, ಪುಸ್ತಕಗಳನ್ನೆಲ್ಲ ಓಲೆಗರಿ ಮೇಲೆ ಕಬ್ಬಿಣದ ಕಡ್ಡೀಲಿ ಕೊರೆದು ಬರೀತಿದ್ದ ಕಾಲದಲ್ಲಿ, ನೇಕಾರರದೊಂದು ಊರಿತ್ತಂತೆ ಕಂದಾ. ಆ ಊರಲ್ಲಿ ಚೌಡಜ್ಜಿ ಅಂತ ಒಬ್ಬಳಿದ್ದಳಂತೆ. ಅವಳ ಗಂಡ ದಿನಾ ಸಂಜೆ ಮಗ್ಗದಿಂದ ಇಳಿದು, ಕೈಕಾಲು ತೊಳೆದು, ಕತೆಯ ಕಟ್ಟು ಬಿಚ್ಚಿ ಒಂದೇ ಒಂದು ಗರಿ ಓದೋನಂತೆ. ಚೌಡಜ್ಜಿಗೆ ಅಕ್ಷರ ಬಾರದು. ರಾಟೆ ತಿರುಗಿಸ್ತಾ ಕೇಳೋಳು. ಆ ಕತೇಲಿ ಒಬ್ಬಳು ಹುಡುಗಿ, ಕಳೆದುಹೋದ ಕರು ಹುಡುಕ್ತಾ ಬೆಟ್ಟದೊಳಕ್ಕೆ ಹೋಗಿ, ಒಂದಾದ ಮೇಲೊಂದು ಬಾಗಿಲು ತೆಗೀತಾ ತೆಗೀತಾ ಏಳನೇ ಬಾಗಿಲಿಗೆ ಬಂದು ನಿಂತಳಂತೆ. ಅಷ್ಟೊತ್ತಿಗೆ ನವರಾತ್ರಿ ಬಂತು. ಪುಸ್ತಕ ಪೂಜೆಗಿಟ್ಟರೆ ವಿಜಯದಶಮಿ ದಿನ ಎತ್ತಿ ಓದೋವರೆಗೂ ಯಾರೂ ಮುಟ್ಟೋ ಹಾಗಿಲ್ಲವಲ್ಲ. ಬಾಗಿಲ ಹಿಂದೆ ಯಾರಿದ್ದಾರೆ ಅಂತ ಹೇಳಿಬಿಡಿ ಅಂದಳಂತೆ ಚೌಡಜ್ಜಿ. ಇನ್ನೊಂದೇ ಗರಿ ಉಳಿದಿದೆ, ನಾಲ್ಕು ದಿನ ತಡಿಯೇ ಅಂತ ನಕ್ಕು, ಆ ಕೊನೇ ಗರೀನೇ ಮೇಲೆ ಬರೋ ಹಾಗೆ ಕಟ್ಟಿ, ದೇವರ ಗೂಡಲ್ಲಿ ಇಟ್ಟನಂತೆ. ನಾಲ್ಕನೇ ದಿನಕ್ಕೆ ಅವನೇ ಇರಲಿಲ್ಲ.

ಸೂತಕದ ಮನೇಲಿ ಕಟ್ಟು ಎತ್ತೋರು ಯಾರು? ಅದು ಗೂಡಲ್ಲೇ ಉಳೀತಂತೆ. ದಿನಾ ಅರಿಶಿನ, ದಿನಾ ಕುಂಕುಮ. ಮೊಮ್ಮಕ್ಕಳು ಅತ್ತ ಕೈ ಚಾಚಿದರೆ ಏಯ್, ಮುಟ್ಟಬೇಡ, ದೇವರು! ಹೀಗೇ ಹನ್ನೆರಡು ವರ್ಷ.

ಆಮೇಲೆ ಚೌಡಜ್ಜಿಯ ಕಿವಿ ಮಂದ ಆಗ್ತಾ ಬಂತಂತೆ. ಮೊದಲು ಗುಬ್ಬಿ ಸದ್ದು ಹೋಯ್ತು, ಆಮೇಲೆ ರಾಟೆ ಸದ್ದು ಹೋಯ್ತು. ಅವಳಿಗೆ ಒಂದೇ ದಿಗಿಲು. ಪೂರಾ ಕಿವುಡಾಗೋ ಮುಂಚೆ ಆ ಏಳನೇ ಬಾಗಿಲು ತೆಗೆದದ್ದು ಕೇಳಿಬಿಡಬೇಕಲ್ಲಪ್ಪಾ! ಮಗ ಲಕ್ಕಣ್ಣ ಹಾಲುಹಲ್ಲು ಬೀಳೋ ಮುಂಚೇನೇ ಮಗ್ಗಕ್ಕೆ ಕೂತವನು, ಅವನಿಗೂ ಅಕ್ಷರ ಇಲ್ಲ. ಅವನ ಮೂರು ಮಕ್ಕಳು ಮಾತ್ರ ಅಕ್ಷರ ಕಲಿಸೋ ಊರಯ್ಯನ ಹತ್ತಿರ ಮರಳ ಮೇಲೆ ತಿದ್ದಿ ಕಲಿತಿದ್ದರು. ಆ ವಿಜಯದಶಮಿ ದಿನ ಚೌಡಜ್ಜಿ ಕೈಮುಗಿದು ಕಟ್ಟು ಎತ್ತಿದಳಂತೆ. ಮೇಲಿದ್ದ ಕೊನೇ ಗರೀನ ನೋಡದೇನೇ ಅಡಿಗೆ ಸರಿಸಿ, ಮೊದಲಿಂದ ಓದ್ರಪ್ಪಾ, ಪಾಯಸ ಮೊದಲೇ ಉಂಡರೆ ಊಟ ಆಗುತ್ತಾ ಅಂದಳಂತೆ.

ಮೊದಲನೇ ಸಂಜೆ ದೊಡ್ಡವನು ಬಸವ ಕೂತ. ಲಕ್ಕಣ್ಣ ಹುಣಸೆ ಬರಲು ಹಿಡಿದು ಪಕ್ಕದಲ್ಲೇ ನಿಂತ. ಬಸವನ ಒಂದು ಕಣ್ಣು ಗರಿ ಮೇಲೆ, ಇನ್ನೊಂದು ಬರಲ ಮೇಲೆ. ಭತ್ತ ಕುಟ್ಟಿದ ಹಾಗೆ ಒಂದೊಂದೇ ಮಾತು ಕುಟ್ಟಿದನಂತೆ. ಚೌಡಜ್ಜಿಗೆ ಸದ್ದೆಲ್ಲ ಕೇಳಿಸ್ತು, ಕತೆ ಕೇಳಿಸಲಿಲ್ಲ.

ಎರಡನೇ ಸಂಜೆ ನಡುವಿನವನು ಕೆಂಚ. ಓದಿ ಮುಗಿಸಿದ್ರೆ ಉಂಡೆಬೆಲ್ಲ ಅಂದ ಲಕ್ಕಣ್ಣ. ಕೆಂಚ ನಾಲ್ಕು ನಾಲ್ಕು ಗರಿ ಹಾರಿಸಿ, ಕರು ಹೋಯ್ತು, ಬೆಟ್ಟ ಬಂತು, ಆಯ್ತು, ಬೆಲ್ಲ ಕೊಡಪ್ಪಾ ಅಂದನಂತೆ!

ಮೂರನೇ ಸಂಜೆ ಕೊನೆಯವಳು ಹೊನ್ನಿ. ಅವಳು ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತಳಂತೆ. ಮುಟ್ಟಿದ್ರೆ ದೇವರು ಕಣ್ಣು ಕೀಳುತ್ತೆ ಅಂತ ನೀನೇ ಹೇಳಿದ್ದೆಯಲ್ಲ ಅಜ್ಜಿ ಅಂದಳು. ಹೇಳಿದ್ದು ತಪ್ಪು ಮಗಳೇ, ಬಾ ಅಂತ ಚೌಡಜ್ಜಿ ಅವಳನ್ನ ಮಡಿಲಿಗೆ ಎಳ್ಕೊಂಡು, ಆ ಪುಟ್ಟ ಕೈನ ತಾನೇ ಗರಿ ಮೇಲೆ ಇಟ್ಟಳಂತೆ. ಹೊನ್ನಿ ಎಡವುತ್ತಾ ಎಡವುತ್ತಾ ಓದಿದಳು. ಮಗ್ಗದಿಂದ ಲಕ್ಕಣ್ಣ, ಬೇಗ ಓದೇ ಅಂದ. ನೀನು ಸುಮ್ನಿರೋ ಲಕ್ಕಾ, ಓಡಿಹೋಗೋಕೆ ಕತೆಗೇನು ಕಾಲಿದೆಯಾ ಅಂದಳಂತೆ ಚೌಡಜ್ಜಿ.

ದಿನಕ್ಕೊಂದೇ ಗರಿ. ಎರಡನೇ ಬಾಗಿಲ ಹಿಂದೆ ಹಲ್ಲೆಲ್ಲ ಉದುರಿದ ಹುಲಿಯೊಂದು ಮುದ್ದೆ ನುಂಗ್ತಾ ಕೂತಿತ್ತಂತೆ. ಅಜ್ಜೀ, ನಿನ್ನ ಹಾಗೇ! ಅಂತ ಹೊನ್ನಿ ನಕ್ಕಳು, ಚೌಡಜ್ಜಿ ಬೊಚ್ಚು ಬಾಯಲ್ಲಿ ನಕ್ಕಳು. ನಗು ಕೇಳಿ ಕೆಂಚ ಓಡಿಬಂದ. ಹುಲಿ ಇತ್ತಾ? ನಾನು ಹಾರಿಸಿದ ಗರೀಲಾ? ಅಂತ ಬಾಯಿ ಬಿಟ್ಟನಂತೆ. ಮಾರನೇ ದಿನ ಬಸವನೂ ಬಂದ, ಪಕ್ಕಕ್ಕೆ ಸರಿಯೇ, ಈ ಗರಿ ನಾನೋದ್ತೀನಿ ಅಂತ ಜಗಳ ತೆಗೆದ. ಈಗ ಬರಲೂ ಇಲ್ಲ, ಬೆಲ್ಲವೂ ಇಲ್ಲ. ಐದನೇ ಬಾಗಿಲು ತೆಗೆಯೋ ಹೊತ್ತಿಗೆ ಲಕ್ಕಣ್ಣನ ಮಗ್ಗದ ಲಾಳಿ ನಡುವಲ್ಲೇ ನಿಂತುಬಿಡ್ತಂತೆ. ಆಗ ನೇಯ್ತಿದ್ದ ಸೀರೆ ಸೆರಗಲ್ಲಿ ಒಂದೆಳೆ ತಪ್ಪಿದೆ ಅಂತ ಉಟ್ಟವರು ಇವತ್ತಿಗೂ ಬೈತಾರಂತೆ!

ಆಮೇಲೆ ಕೊನೇ ಗರಿ. ನೋಡ್ತಾರೆ, ಒಂದಕ್ಷರವೂ ಕಾಣದು! ಹನ್ನೆರಡು ವರ್ಷದ ಅರಿಶಿನ ಕುಂಕುಮ ಗೋಡೆಗೆ ಮಣ್ಣು ಮೆತ್ತಿದ ಹಾಗೆ ಮೆತ್ತಿಕೊಂಡಿದೆ. ಅಯ್ಯೋ, ನನ್ನ ಕೈಯಾರೆ ನಾನೇ ಬಾಗಿಲು ಮುಚ್ಚಿದೆನಲ್ಲೋ ಅಂತ ಚೌಡಜ್ಜಿ ತಲೆ ಮೇಲೆ ಕೈಹೊತ್ತಳಂತೆ. ದೇವರ ಕುಂಕುಮ ಒರೆಸೋಕೆ ಲಕ್ಕಣ್ಣನಿಗೆ ಕೈ ಬರಲಿಲ್ಲ, ಬಸವ ಕೆಂಚ ಹಿಂದೆ ಸರಿದರು. ಹೊನ್ನಿ ಮಾತ್ರ ಲಂಗದ ಅಂಚು ನೀರಲ್ಲಿ ಅದ್ದಿ, ಮಗುವಿನ ಮುಖ ಒರೆಸೋ ಹಾಗೆ ಮೆಲ್ಲಗೆ ಒರೆಸಿದಳಂತೆ. ಒರೆಸಿದ ಹಾಗೆಲ್ಲ ಮೇಲಿನದು ಹೋಯ್ತು, ಕೊರೆದ ಗೀರಿನೊಳಗೆ ಇಳಿದಿದ್ದ ಕುಂಕುಮ ಅಲ್ಲೇ ನಿಲ್ತು. ಅಕ್ಷರಗಳೆಲ್ಲ ಕೆಂಪಗೆ, ಈಗ ತಾನೇ ಬರೆದ ಹಾಗೆ ಎದ್ದು ಬಂದವಂತೆ!

ಹೊನ್ನಿ ಅಜ್ಜಿಯ ಕಿವಿಗೆ ಬಾಯಿಟ್ಟು ಓದಿದಳು. ಏಳನೇ ಬಾಗಿಲ ಹಿಂದೆ ಒಲೆ ಉರೀತಿತ್ತಂತೆ. ಕರು ಬೆಚ್ಚಗೆ ಮಲಗಿತ್ತಂತೆ. ಒಬ್ಬಳು ಮುದುಕಿ ರೊಟ್ಟಿ ತಟ್ಟುತ್ತಾ, ಬಾ ತಾಯಿ, ಎಷ್ಟು ಹೊತ್ತಿಂದ ಕಾಯ್ತಿದ್ದೀನಿ, ಕೂತ್ಕೋ, ಮೊದಲನೇ ಬಾಗಿಲಿಂದ ಎಲ್ಲಾ ಹೇಳು ಅಂದಳಂತೆ.

ಚೌಡಜ್ಜಿ ಸೆರಗಲ್ಲಿ ಕಣ್ಣೊರೆಸಿಕೊಂಡು, ಆ ಮುದುಕಿ ಅಂದದ್ದು ಕೇಳಿದ್ಯಲ್ಲ, ಮೊದಲಿಂದ ಓದು ಅಂದಳಂತೆ.

ಆಮೇಲಾಮೇಲೆ ಅವಳ ಕಿವಿ ಪೂರಾ ಹೋಯ್ತು. ಆದರೂ ಸಂಜೆ ತಪ್ಪಲಿಲ್ಲ. ಹೊನ್ನಿ ಓದೋಳು, ಚೌಡಜ್ಜಿ ಅವಳ ಬೆನ್ನ ಮೇಲೆ ಅಂಗೈ ಇಟ್ಟು, ದನಿಗೆ ಬೆನ್ನು ಅದುರೋದರಲ್ಲೇ ಹುಲಿ ಬಂದದ್ದು ತಿಳಿದು ನಗೋಳಂತೆ. ದೇವರ ಗೂಡಿಗೆ ಆ ಕಟ್ಟು ಮತ್ತೆ ಹೋಗಿದ್ದು ವರ್ಷಕ್ಕೊಂದು ಸಲ, ನವರಾತ್ರೀಲಿ, ಅದೂ ಮಕ್ಕಳು ದಿನ ಎಣಿಸ್ತಾ ಎಣಿಸ್ತಾ.

ಗೂಡು ಬರಿದಾಯ್ತು, ಮಡಿಲು ತುಂಬ್ತು, ಕತೆ ಮುಗೀತು. ಕಣ್ಣು ಮುಚ್ಚು ಕಂದಾ. ನಿನ್ನ ಪುಸ್ತಕಾನ ಗೂಡಿಗೆ ಎತ್ತಿಡಲ್ಲ, ಇಲ್ಲೇ ನಿನ್ನ ದಿಂಬಿನ ಪಕ್ಕ ಇರಲಿ.