ಪಿಳ್ಳಪ್ಪ ಅಮ್ಮನನ್ನು ದೊಡ್ಡ ಹೋಟೆಲಿಗೆ ಕರ್ಕೊಂಡು ಹೋಗಿದ್ದು

ಬೆಂಗಳೂರಿನ ತಿಗಳರ ಪೇಟೇಲಿ ಅಕ್ಕಯ್ಯಮ್ಮ ಅಂತ ಒಬ್ಬಳಿದ್ದಳು. ಮೂವತ್ತು ವರ್ಷ ಮದುವೆ ಛತ್ರದಲ್ಲಿ ಸಾವಿರಾರು ಜನಕ್ಕೆ ಬಡಿಸಿದ ಕೈ ಅವಳದು. ಒಬ್ಬನೇ ಮಗ ಪಿಳ್ಳಪ್ಪ. ನೋಡೋಕೆ ಆರಡಿ ಆಳು, ತಲೆಯೊಳಗೆ ಬರೀ ಗಾಳಿ! ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಅದೇ ಅವನ ಗುಣ, ಅದೇ ಅವಳ ಗೋಳು.

ಒಂದು ದಿನ ಪಿಳ್ಳಪ್ಪ ಅಂದ: “ಅಮ್ಮಾ, ನೀನು ಎಲ್ಲರಿಗೂ ಬಡಿಸಿದ್ದಾಯ್ತು. ಇನ್ನು ನೀನು ಕೂತ್ಕೋಬೇಕು, ಬೇರೆಯೋರು ಬಡಿಸ್ಬೇಕು. ದೊಡ್ಡ ಹೋಟೆಲಿಗೆ ಕರ್ಕೊಂಡು ಹೋಗ್ತೀನಿ!”

ಅಕ್ಕಯ್ಯಮ್ಮನ ಎದೆ ಉಬ್ಬಿತು. “ಹಂಗಾದ್ರೆ ಯಾವುದು ಚೆನ್ನಾಗಿದೆ, ಮೊದಲು ನೋಡ್ಕೊಂಡು ಬಾ” ಅಂದಳು.

ಹೋದ. ಚರ್ಚ್ ಸ್ಟ್ರೀಟಲ್ಲಿ ಒಂದು ಹೋಟೆಲಿನ ಗಾಜಿಗೆ ಮೂಗು ಒತ್ತಿ ನಿಂತ. ಒಳಗಿನೋರು ತುತ್ತು ಎತ್ತಿದರೆ ಇವನೂ ಬಾಯಿ ತೆರೆದ. ನೋಡಿದ, ನೋಡಿದ, ಕಾವಲಿನವನು ಬಂದು ಅಟ್ಟೋ ತನಕ ನೋಡಿದ.

“ನೋಡ್ಕೊಂಡು ಬಂದೆ ಅಮ್ಮಾ!”

“ಏನು ತಿಂದ್ಯೋ?”

“ನೋಡು ಅಂದೆ, ತಿನ್ನು ಅನ್ನಲಿಲ್ಲ!”

“ಅಯ್ಯೋ ಮಂಕೇ! ಒಳಗೆ ಹೋಗಿ ಕೂತ್ಕೋಬೇಕು ಕಣೋ!”

ಬೈದದ್ದು ಮನೆಯೊಳಗೆ. ಪಕ್ಕದ ಮನೆಯವಳ ಹತ್ತಿರ ಮಾತ್ರ, “ನನ್ನ ಮಗ ಚರ್ಚ್ ಸ್ಟ್ರೀಟಿಗೆ ಹೋಗಿದ್ದ, ನಂಗೋಸ್ಕರ!” ಅಂತ ಹೇಳಿಕೊಂಡಳು.

ಮಾರನೇ ದಿನ ಇಂದಿರಾನಗರ. ಒಳಗೆ ಹೋದ. ಕೂತ. ಎಲ್ಲಿ? ಬಾಗಿಲಲ್ಲಿ ಹಾಸಿದ್ದ ಕಾಲೊರೆಸೋ ಚಾಪೆ ಮೇಲೆ, ಚಕ್ಕಳಮಕ್ಕಳ ಹಾಕ್ಕೊಂಡು! ಬರೋರು ದಾಟಿಕೊಂಡು ಬಂದರು, ಹೋಗೋರು ದಾಟಿಕೊಂಡು ಹೋದರು.

ಕೇಳಿ ಅಮ್ಮ ಹಣೆ ಚಚ್ಚಿಕೊಂಡಳು. “ಅಲ್ಲಲ್ವೋ ದಡ್ಡಾ! ಮೇಜಿನ ಮುಂದೆ ಕೂತು, ಮೇಜಿನ ಮೇಲಿರೋದನ್ನ ತಿನ್ಬೇಕು!”

ಮೂರನೇ ದಿನ ಲ್ಯಾವೆಲ್ ರೋಡ್. ಮೇಜಿನ ಮುಂದೆ ಕೂತ. ಮೇಜಿನ ಮೇಲಿದ್ದದ್ದು ಒಂದೇ ಒಂದು ಗುಲಾಬಿ. ತಿಂದ! ಹೂದಾನಿ ನೀರೂ ಕುಡಿದ!

“ಸ್ವಲ್ಪ ಒಗರು ಅಮ್ಮಾ.”

“ಹೂವು ತಿಂತಾರೇನೋ! ಇನ್ಮೇಲೆ ಹೋಟೆಲಿನೋರು ಏನು ಹೇಳ್ತಾರೋ, ಹಾಗೇ ಮಾಡು. ಭಾನುವಾರ ನಾನೇ ಬರ್ತೀನಿ!”

ಭಾನುವಾರ ಮಧ್ಯಾಹ್ನ ಅಕ್ಕಯ್ಯಮ್ಮ ಧರ್ಮಾವರದ ಸೀರೆ ಉಟ್ಟಳು. ಸೇಂಟ್ ಮಾರ್ಕ್ಸ್ ರೋಡಿನ ಹೋಟೆಲಿಗೆ ಇಬ್ಬರೂ ಹೋದರು. ಕೋಟು ತೊಟ್ಟ ಮ್ಯಾನೇಜರು ನಗುನಗುತ್ತಾ ಬಂದ. “ಬನ್ನಿ ಅಮ್ಮಾ, ಬನ್ನಿ ಸರ್. ಇದು ನಿಮ್ಮ ಮನೆ ಅಂತಲೇ ತಿಳ್ಕೊಳ್ಳಿ!”

ತಿಳ್ಕೊಂಡ!

ಅಂಗಿ ಬಿಚ್ಚಿ ಕುರ್ಚಿಗೆ ಹಾಕಿದ. ಹೆಗಲ ಮೇಲಿನ ಟವಲು ಸೊಂಟಕ್ಕೆ ಸುತ್ತಿದ. ಅಮ್ಮನನ್ನು ಕೂರಿಸಿದ. ಆಮೇಲೆ ಮಾಣಿಯ ಕೈಯಿಂದ ಅನ್ನದ ಬಟ್ಟಲು ಕಿತ್ತುಕೊಂಡು ಹೊರಟೇಬಿಟ್ಟ. “ಇನ್ನೊಂಚೂರು ಹಾಕ್ಕೊಳ್ಳಿ! ಸಂಕೋಚ ಬೇಡ, ನಮ್ಮನೆ ಇದು!” ಈ ಮೇಜಿನ ಪಲ್ಯ ಆ ಮೇಜಿಗೆ, ಆ ಮೇಜಿನ ಪಾಯಸ ಈ ಮೇಜಿಗೆ. ಬಾಗಿಲಿಗೆ ಹೋಗಿ ಕಾವಲಿನವನನ್ನೂ ಕೈಹಿಡಿದು ಕರೆತಂದ. “ಊಟ ಆಯ್ತಾ ಅಣ್ಣಾ? ಕೂತ್ಕೋ!”

ಅಕ್ಕಯ್ಯಮ್ಮ ಸೆರಗಲ್ಲಿ ಮುಖ ಮುಚ್ಚಿಕೊಂಡಳು. ಸೆರಗಿನ ಸಂದಿಯಿಂದ ನೋಡಿದಳು. ಒಬ್ಬರನ್ನೂ ಬಿಡುತ್ತಿಲ್ಲ! ಬಗ್ಗಿ ಕೇಳ್ತಾನೆ, ಕೇಳಿ ಬಡಿಸ್ತಾನೆ, ಒಂದು ಅಗುಳೂ ಕೆಳಗೆ ಚೆಲ್ಲಲ್ಲ. ಅರೆ, ಇದು ನನ್ನ ಕೈಯೇ ಅಲ್ವೇ! ಮೊದಲು ಕಣ್ಣು ಕಣ್ಣು ಬಿಟ್ಟವರು ಈಗ ನಗುತ್ತಾ ತಟ್ಟೆ ಮುಂದೆ ಚಾಚುತ್ತಿದ್ದರು.

ಮ್ಯಾನೇಜರು ಬೆವರು ಒರೆಸಿಕೊಂಡು ಓಡಿಬಂದ. “ಅಮ್ಮಾ, ಯಾರಮ್ಮಾ ಇವರು?”

ಅಕ್ಕಯ್ಯಮ್ಮ ಸೆರಗು ಸರಿಸಿದಳು. ತಲೆ ಎತ್ತಿದಳು. “ನನ್ನ ಮಗ!”

ಪಿಳ್ಳಪ್ಪ ಅಮ್ಮನಿಗೂ ಬಡಿಸಿದ. ಅವಳು ಬೆರಳು ನೆಕ್ಕಿಕೊಂಡು ತಿಂದಳು, ಕೈ ತೊಳೆದು ಬಂದಳು. “ಹೊಟ್ಟೆ ತುಂಬ್ತು ಕಣೋ. ನಡಿ, ಮನೆಗೆ ಹೋಗೋಣ.”

“ಮನೇಲೇ ಇದ್ದೀವಲ್ಲಮ್ಮಾ!” ಅಂದವನೇ ಪಿಳ್ಳಪ್ಪ ಸೋಫಾ ಮೇಲೆ ಉದ್ದಕ್ಕೆ ಮಲಗಿ, ಮೇಜಿನ ಬಿಳಿ ಬಟ್ಟೆ ಎಳೆದು ಹೊದ್ದುಕೊಂಡು, ಮ್ಯಾನೇಜರಿಗೆ ಹೇಳಿದ:

“ಐದು ಗಂಟೆಗೆ ಎಬ್ಬಿಸಿ. ಹೋಗ್ತಾ ಬಾಗಿಲು ಎಳ್ಕೊಳ್ಳಿ!”